ಬಟ್ಟಲಿನಡಿಯ ಹುಣಸೆ ಬೀಜ

ನಮ್ಮ ಊರಿನಲ್ಲಿ ಕೋರ್ಟು ನೌಕರರ ಮನೆಗಳನ್ನು ಗುರುತಿಸುವುದು ಕಷ್ಟವಲ್ಲ. ಬೀದಿ ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿ ಹೆಂಗಸರು ಮಾತಿಗೆ ಮಾತು ಬೆಳೆಸಿದಾಗ ಯಾವ ಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೋ ಅದು ಕೋರ್ಟಿನವರ ಮನೆ. ಒಳಗೆ ಗೂಡಿನಲ್ಲಿ ಬಟ್ಟಲು ಇರುತ್ತದೆ. ಜಗಳ ಕಿವಿಗೆ ಬಿದ್ದರೆ ಮನಸ್ಸು ಇಬ್ಬರಲ್ಲಿ ಒಬ್ಬರ ಕಡೆ ವಾಲುತ್ತದೆ. ನೌಕರರ ಮನಸ್ಸು ವಾಲಿದ ಕಡೆಗೆ ಬಟ್ಟಲಿನ ನೀರು ಏರುತ್ತದೆ.

ನನ್ನ ದೊಡ್ಡ ಮಗಳು ನಾಗವೇಣಿ ಕೋರ್ಟಿಗೆ ಸೇರಿದ ದಿನ ನಮ್ಮ ಮನೆಗೂ ಬಟ್ಟಲು ಬಂತು. ಕಂಚಿನದು, ಗೇಣಗಲ, ಒಳಗೆ ಸುತ್ತಲೂ ಕೂದಲೆಳೆಯಷ್ಟು ಸಣ್ಣ ಗೆರೆ. ನೀರು ಆ ಗೆರೆಗೆ ಸರಿಯಾಗಿ ನಿಂತಿರಬೇಕು. ಶಿರಸ್ತೇದಾರ್ ವಾಮನರಾಯರು ತಾವೇ ತಂದು ನಡುಮನೆಯ ಗೂಡಿನಲ್ಲಿಟ್ಟು ನೀರು ತುಂಬಿದರು. ಪ್ರತಿ ತಿಂಗಳ ಮೊದಲ ತಾರೀಖು ಬೆಳಿಗ್ಗೆ ಬಂದು ನೋಡಿಹೋಗುತ್ತೇನೆ, ನೋಡುತ್ತೇನೆಯೇ ಹೊರತು ಮುಟ್ಟುವುದಿಲ್ಲ, ಮುಟ್ಟುವುದು ಮನೆಯವರೇ ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಮನೇಲಿ ಒಂದು ವಯಸ್ಸಾದ ಜೀವ ಇದೆ ಅಂದ್ಕೊಳ್ಳಿ ತಾಯಿ. ಅದರ ಎದುರಿಗೆ ಹೆಚ್ಚು ಆಡಬೇಡಿ" ಅಂದರು.

ನಮ್ಮ ಯಜಮಾನರು ತೀರಿಕೊಂಡು ಆಗ ಎರಡು ವರ್ಷ. ವೇಣಿಗೆ ಇಪ್ಪತ್ತಮೂರು, ಚಿಕ್ಕವಳು ಹೇಮಳಿಗೆ ಹದಿನೇಳು. ಅಲ್ಲಿಯವರೆಗೆ ತಂಗಿಗೆ ಯಾರು ಏನಂದರೂ ವೇಣಿ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿಯುತ್ತಿದ್ದಳು. ಬಟ್ಟಲು ಬಂದ ಮೇಲೆ ಹೇಮ ಸ್ಕೂಲಿನಿಂದ ಮುಖ ಊದಿಸಿಕೊಂಡು ಬಂದು ಟೀಚರ್ ಮೇಲೆ ದೂರು ಹೇಳತೊಡಗಿದರೆ ಇವಳು ಎದ್ದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನು ಮತ್ತೊಮ್ಮೆ ಜಾಡಿಸುತ್ತಿದ್ದಳು. ನಾನೂ ಕಲಿತೆ. ಸಾರಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಅವಳನ್ನು ಕೇಳುವುದನ್ನು ಬಿಟ್ಟೆ. ನೆರೆಯವರು ಎರಡು ಸೀರೆ ತಂದು ಯಾವುದು ಚೆಂದ ಎಂದರೆ ಎರಡೂ ಚೆಂದ ಅನ್ನುತ್ತಿದ್ದಳು. ಮದುವೆಯ ಮಾತೂ ಹಾಗೇ ಆಯಿತು. ನೋಡಲು ಬಂದವರು ಹುಡುಗ ಒಪ್ಪಿಗೆಯಾ ಎಂದು ಕೇಳಿದರೆ ಇವಳು ಉತ್ತರ ಹೇಳುವ ಮೊದಲು ಗೂಡಿನ ಕಡೆ ನೋಡುತ್ತಿದ್ದಳು. ಹುಡುಗನ ತಾಯಂದಿರಿಗೆ ಅದು ಹಿಡಿಸುತ್ತಿರಲಿಲ್ಲ. ಮೂವತ್ತರ ಮೇಲೆ ಯಾರೂ ಬರಲಿಲ್ಲ.

ಅವಳು ತನಗೆಂದು ಉಳಿಸಿಕೊಂಡದ್ದು ಶುಕ್ರವಾರ. ಹೇಮ ಮದುವೆಯಾಗಿ ಬಾಚಣಿಗೆ ಓಣಿಗೆ ಹೋದ ಮೇಲೂ ಶುಕ್ರವಾರ ಬೆಳಿಗ್ಗೆ ಬಂದು ಅಕ್ಕನಿಗೆ ಎಣ್ಣೆ ಹಚ್ಚಿ, ನೀರೆರೆದು, ಜಡೆ ಹಾಕಿ ಕೋರ್ಟಿಗೆ ಕಳಿಸುತ್ತಿದ್ದಳು. ಆ ಓಣಿ ನಮ್ಮ ಮನೆಯಿಂದ ಪೂರ್ವಕ್ಕೆ ಎರಡು ಬೀದಿ ದಾಟಿದರೆ ಸಿಗುತ್ತದೆ. ಅಲ್ಲ, ಸಿಗುತ್ತಿತ್ತು. ಮೂವತ್ತೆರಡು ಮನೆ. ಗಂಡಸರು ಹೆಂಗಸರೆನ್ನದೆ ಬಾಗಿಲ ಮುಂದೆ ಕೂತು ಮರದ ಬಾಚಣಿಗೆ ಕೊಯ್ಯುತ್ತಿದ್ದರು. ಹೇಮ ಬಂದಾಗ ಅವಳ ಸೀರೆಯ ಅಂಚಿನಿಂದ ಮರದ ಹೊಟ್ಟು ಉದುರುತ್ತಿತ್ತು. ನಾನು ಗುಡಿಸುತ್ತಾ ಬೈಯುತ್ತಿದ್ದೆ.

ಬಸ್ ನಿಲ್ದಾಣಕ್ಕೆ ಹತ್ತಿರವೆಂದು ಪುರಸಭೆಯವರ ಕಣ್ಣು ಆ ಓಣಿಯ ಮೇಲೆ ಬಿತ್ತು. ಮನೆಗಳನ್ನು ತೆಗೆದು ಅಂಗಡಿ ಮಳಿಗೆ ಕಟ್ಟುತ್ತೇವೆಂದು ನೋಟೀಸು ಕೊಟ್ಟರು. ಓಣಿಯವರು ಒಟ್ಟಾಗಿ ದಾವೆ ಹಾಕಿದರು. ದಾವೆ ಬಂದದ್ದು ವೇಣಿ ಬೆಂಚ್ ಕ್ಲರ್ಕ್ ಆಗಿ ಕೂರುವ ಕೋರ್ಟ್ ಹಾಲಿಗೇ. ತಂಗಿಯ ಮನೆಯ ದಾವೆಯಲ್ಲಿ ಅಕ್ಕ ಹೇಗೆ ಕೂರುವುದು ಎಂದು ಬೇರೆ ಊರಿನವರು ಕೇಳಬಹುದು. ನಮ್ಮದು ಚಿಕ್ಕ ಊರು. ಸಂಬಂಧವಿಲ್ಲದವರೇ ಬೇಕೆಂದರೆ ಕುರ್ಚಿಗಳಷ್ಟೇ ಕೂರಬೇಕಾಗುತ್ತದೆ. ಬಟ್ಟಲು ನೇರವಿದ್ದರೆ ಸಾಕು, ಯಾರು ಯಾರಿಗೆ ಏನಾಗಬೇಕು ಎಂದು ಕೋರ್ಟು ಕೇಳುವುದಿಲ್ಲ.

ದಾವೆ ದಾಖಲಾದ ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದವಳು ನೀರು ಕುಡಿಯಲು ಒಳಗೆ ಬಂದೆ. ವೇಣಿ ಸ್ನಾನಕ್ಕೆ ಹೋಗಿದ್ದಳು. ಗೂಡಿನತ್ತ ಕಣ್ಣು ಹೋಯಿತು. ನೀರು ಪೂರ್ವದ ಕಡೆ ಗೆರೆ ದಾಟಿ ಎಳ್ಳಿನಷ್ಟು ಏರಿತ್ತು, ಪಶ್ಚಿಮಕ್ಕೆ ಅಷ್ಟೇ ಇಳಿದಿತ್ತು. ಮಾರನೆಯ ದಿನವೇ ಒಂದನೇ ತಾರೀಖು.

ನನಗೆ ಮೊದಲು ನೆನಪಾದದ್ದು ನಕಲು ವಿಭಾಗದಲ್ಲಿದ್ದ ತಿಪ್ಪಯ್ಯ. ಸೋದರಳಿಯನ ಕಡೆಗೆ ಅವನ ನೀರು ಏರಿದ್ದು ತಿಳಿದು ಕೆಲಸ ಹೋಯಿತು. ಅದು ದೊಡ್ಡದಲ್ಲ. ಆ ಕೋರ್ಟಿನಲ್ಲಿ ಯಾವತ್ತೋ ಸೋತವರೆಲ್ಲ ಬೆಳಿಗ್ಗೆ ಎದ್ದು ಬಂದು ಅವನ ಮನೆ ಮುಂದೆ ಕೂರುತ್ತಿದ್ದರು. ಬೈಯುತ್ತಿರಲಿಲ್ಲ, ಕಲ್ಲು ಎಸೆಯುತ್ತಿರಲಿಲ್ಲ, ಸುಮ್ಮನೆ ಕೂತು ಬಾಗಿಲು ನೋಡುತ್ತಿದ್ದರು. ಅವನ ಹೆಂಡತಿ ನೀರು ತರುವುದಕ್ಕೂ ಅವರ ನಡುವೆಯೇ ದಾರಿ ಮಾಡಿಕೊಂಡು ಹೋಗಬೇಕಾಗಿತ್ತು.

ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ನನ್ನ ಕೈಯಲ್ಲಿ ಒಂದು ಹುಣಸೆ ಬೀಜ ಇತ್ತು. ಬಟ್ಟಲಿನ ಪೂರ್ವದ ಅಂಚನ್ನು ಚೂರು ಎತ್ತಿ ಅದರಡಿಗೆ ಬೀಜ ತಳ್ಳಿದೆ. ಬಟ್ಟಲೂ ವಾಲಿತು, ನೀರೂ ವಾಲಿತ್ತು, ಎರಡೂ ಕೂಡಿ ನೀರು ಗೆರೆಗೆ ಸರಿಯಾಗಿ ನಿಂತಿತು. ಗೂಡಿನೊಳಗೆ ಬೆಳಕು ಕಡಿಮೆ. ವೇಣಿ ತಲೆಗೆ ಬಟ್ಟೆ ಸುತ್ತಿಕೊಂಡು ಬಂದವಳು ದಿನದ ಹಾಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೀರೆ ಉಡಲು ಹೋದಳು.

ಎರಡನೆಯ ತಿಂಗಳಿಗೆ ಒಂದು ಬೀಜ ಸಾಲಲಿಲ್ಲ. ನಾಲ್ಕನೆಯ ತಿಂಗಳಿಗೆ ಮೂರು. ಒಂದರ ಮೇಲೊಂದು ನಿಲ್ಲುವುದಿಲ್ಲವೆಂದು ಕರಗಿಸಿದ ಮೇಣದಲ್ಲಿ ಅಂಟಿಸಿದೆ. ಕೋರ್ಟಿನಲ್ಲಿ ಓಣಿಯವರ ಸಾಕ್ಷಿ ನಡೆದ ವಾರ ಐದಾದವು. ವಾಮನರಾಯರು ಒಂದನೇ ತಾರೀಖು ಬಂದು ಕನ್ನಡಕ ಏರಿಸಿಕೊಂಡು ನೋಡಿ, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ನಿಮ್ಮ ಮಗಳು ಬಂಗಾರ ತಾಯಿ."

ಆದರೆ ಬೀಜದಿಂದ ಸಾಧ್ಯವಾಗದ್ದು ಒಂದಿತ್ತು. ನೀರು ಹೇಮ ಇರುವ ಕಡೆಗೆ ಏರುತ್ತಿತ್ತು. ಅವಳು ತನ್ನ ಮನೆಯಲ್ಲಿರುವ ತನಕ ಅದು ಪೂರ್ವ. ಅವಳು ನಮ್ಮ ಮನೆಯೊಳಗೆ ಬಂದು ಅಡುಗೆಮನೆಗೋ ಬಚ್ಚಲಿಗೋ ನಡೆದರೆ ನೀರು ಅವಳ ಹಿಂದೆ ತಿರುಗುತ್ತಿತ್ತು. ಮೊದಲ ಶುಕ್ರವಾರವೇ ಅದನ್ನು ಕಂಡೆ. ವೇಣಿ ಹಿಂದಿನಿಂದ ಬರುವಷ್ಟರಲ್ಲಿ ಗೂಡಿನ ಮುಂದೆ ಅಡ್ಡ ನಿಂತುಬಿಟ್ಟೆ. ಮುಂದಿನ ಶುಕ್ರವಾರ ಹೇಮ ಎಣ್ಣೆ ಬಟ್ಟಲು ಹಿಡಿದು ಬಂದಾಗ ಜಗಲಿಯ ಮೇಲೇ ತಡೆದೆ. ದಾವೆ ಹೂಡಿದವರು ನೌಕರರ ಮನೆಯೊಳಗೆ ಬರಬಾರದಂತೆ, ಹೊಸ ಸುತ್ತೋಲೆ ಬಂದಿದೆಯಂತೆ ಎಂದು ಸುಳ್ಳು ಹೇಳಿದೆ. ವೇಣಿಗೆ, ಹೇಮಳೇ ಬರುವುದಿಲ್ಲ ಅಂದಳು, ಅವಳಿಗೆ ಮನಸ್ಸಿಲ್ಲ, ಬಿಟ್ಟುಬಿಡು ಎಂದೆ. ಇಬ್ಬರೂ ನಂಬಿದರು. ತಾಯಿ ಸುಳ್ಳು ಹೇಳುತ್ತಾಳೆಂದು ಮಕ್ಕಳು ಸಾಮಾನ್ಯವಾಗಿ ಎಣಿಸುವುದಿಲ್ಲ.

ಹೀಗೆ ಹನ್ನೊಂದು ತಿಂಗಳು ನನ್ನ ಚಿಕ್ಕ ಮಗಳು ತವರಿಗೆ ಬಂದರೆ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಎದ್ದು ಹೋದಳು. ನಾನು ಲೋಟದ ಜೊತೆ ಏನಾದರೂ ತಿನ್ನಲು ತಂದು ಪಕ್ಕದಲ್ಲಿ ಕೂರುತ್ತಿದ್ದೆ. ಮೊದಮೊದಲು ಓಣಿಯ ಸುದ್ದಿ ಹೇಳುತ್ತಿದ್ದಳು. ಆಮೇಲೆ ಲೋಟ ಖಾಲಿಯಾಗುವವರೆಗೆ ಬೀದಿ ನೋಡುತ್ತಿದ್ದಳು.

ತೀರ್ಪು ಬಂದ ದಿನ ಅದನ್ನು ಓದಿದವಳು ವೇಣಿ. ಜಾಗ ಊರಿನದು, ಓಣಿಯವರದಲ್ಲ. ಮನೆಗಳನ್ನು ಉಳಿಸುವುದೋ ತೆಗೆಯುವುದೋ ಎಂಬುದನ್ನು ಬರುವ ಚುನಾವಣೆಯ ನಂತರ ಪುರಸಭೆ ಕೈ ಎತ್ತಿ ನಿರ್ಧರಿಸಲಿ ಎಂದಿತ್ತು. ಸಂಜೆ ಹೇಮ ಬಂದಳು. ಜಗಲಿಯ ಮೇಲೆ ಕೂರಲಿಲ್ಲ, ನೇರ ಹೊಸ್ತಿಲಿಗೆ ಬಂದಳು. ನಾನು ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತೆ. ನಮ್ಮ ಬಾಗಿಲು ಪೂರ್ವಕ್ಕಿದೆ. ಅವಳು ಹೊಸ್ತಿಲಾಚೆ ಇರುವವರೆಗೆ ಬೀಜಗಳು ತಮ್ಮ ಕೆಲಸ ಮಾಡುತ್ತವೆ.

"ಒಳಗೆ ಬರಲ್ಲ ಬಿಡಮ್ಮ, ಕೈ ತೆಗಿ" ಅಂದಳು. "ಅಕ್ಕ ಓದ್ತಿದ್ಲು, ನಾನು ಹಿಂದಿನ ಬೆಂಚಲ್ಲಿದ್ದೆ. ದನಿ ಒಂದು ಚೂರು ನಡುಗಲಿಲ್ಲ. ಹೋಗ್ಲಿ, ಅದು ಕೆಲಸ. ನೀರಾದ್ರೂ ನೋಡ್ಕೊಂಡು ಹೋಗೋಣ ಅಂತ ಬಂದೆ."

ನನ್ನ ಭುಜದ ಮೇಲಿಂದ ಕತ್ತು ಚಾಚಿ ನೋಡಿದಳು. ಕಂಚಿನ ಗೆರೆಗೆ ನೀರು ಹಚ್ಚಿಟ್ಟ ಹಾಗೆ ನಿಂತಿತ್ತು.

"ನಮ್ಮನೆ ಹೋಗ್ತಿದೆ" ಅಂದಳು. "ಇವಳ ನೀರು ಗೆರೆ ಬಿಟ್ಟು ಕದಲಿಲ್ಲ."

ಒಳಗೆ ಅಡುಗೆಮನೆಯ ಬಾಗಿಲಲ್ಲಿ ವೇಣಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಹೇಮ ಹೋದ ಮೇಲೆ ಗೂಡಿನ ಹತ್ತಿರ ಬಂದು ಬಟ್ಟಲನ್ನು ನೋಡುತ್ತಾ ನಿಂತಳು. ಒಲೆಯ ಮೇಲಿಟ್ಟಿದ್ದ ಅನ್ನ ತಳ ಹಿಡಿದ ವಾಸನೆ ಬಂತು. ನಾನು ಅತ್ತ ಹೋದೆ. ಅದೊಂದು ನೆಪ ಸಿಕ್ಕಿದ್ದಕ್ಕೆ ನನಗೆ ಸಮಾಧಾನವಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ವಾರದ ನಂತರ ಓಣಿಯ ಹಿರಿಯ ಬೋರಲಿಂಗಣ್ಣ ನಾಲ್ಕು ಜನರ ಜೊತೆ ಬಂದರು. ಪುರಸಭೆಯಲ್ಲಿ ಹನ್ನೊಂದು ಸ್ಥಾನ. ಐವರು ಓಣಿ ಉಳಿಯಲಿ ಅನ್ನುವವರು, ಐವರು ತೆಗೆಯಲಿ ಅನ್ನುವವರು ಗೆಲ್ಲುತ್ತಾರೆಂದು ಊರೆಲ್ಲ ಲೆಕ್ಕ ಹಾಕಿತ್ತು. ಉಳಿದದ್ದು ನಮ್ಮ ವಾರ್ಡು. ಇಲ್ಲಿ ಮಳಿಗೆ ಕಟ್ಟುವ ಕಂಟ್ರಾಕ್ಟರನ ಭಾವಮೈದ ನಿಲ್ಲುವುದು ಖಚಿತವಾಗಿತ್ತು. ಅವನೆದುರು ವೇಣಿ ನಿಲ್ಲಬೇಕು ಎಂದು ಕೇಳಲು ಬಂದಿದ್ದರು.

ವೇಣಿ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ತನ್ನನ್ನೇ ಯಾಕೆ, ಓಣಿಯಲ್ಲಿ ಮಾತು ಬಲ್ಲವರು ಇದ್ದಾರಲ್ಲ ಎಂದಳು.

"ಇದ್ದಾರೆ ಕಣವ್ವ" ಅಂದರು ಬೋರಲಿಂಗಣ್ಣ. "ನಾವು ನಿಂತ್ರೆ ತಮ್ಮ ಮನೆ ಉಳಿಸ್ಕೊಳ್ಳೋಕೆ ನಿಂತವ್ರೆ ಅಂತಾರೆ. ಓಣಿ ಓಟಲ್ಲಿ ಗೆಲ್ಲಕ್ಕಾಗುತ್ತಾ? ನೀನು ಹಂಗಲ್ಲ. ಒಡಹುಟ್ಟಿದ ತಂಗಿ ಮನೆ ಹೋಗ್ತಿದ್ರೂ ನಿನ್ನ ನೀರು ಅಲುಗಲಿಲ್ಲ. ಅಂಥವಳು ಬಂದು ಈ ಓಣಿ ಉಳೀಬೇಕು ಅಂದ್ರೆ, ಅದು ನ್ಯಾಯ ಅಂತ ಊರು ನಂಬುತ್ತೆ."

ಕಾಫಿ ಲೋಟಗಳ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ನಾನು ಇಟ್ಟ ಐದು ಬೀಜಗಳಿಗೆ ಇಷ್ಟು ದೂರ ಕಾಲು ಬಂದಿರುತ್ತದೆಂದು ಎಣಿಸಿರಲಿಲ್ಲ.

ಕೋರ್ಟು ನೌಕರರು ಚುನಾವಣೆಗೆ ನಿಲ್ಲಬಹುದೇ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಾವುಟ ಹಿಡಿಯಬಾರದು, ಮೆರವಣಿಗೆ ಹೋಗುವಾಗ ಜಗಲಿಯಲ್ಲೂ ನಿಲ್ಲಬಾರದು ಎಂಬುದು ಎಲ್ಲರಿಗೂ ಗೊತ್ತು. ನಿಲ್ಲುವ ಮಾತನ್ನು ಬಹುಕಾಲದಿಂದ ಯಾರೂ ಕೇಳಿರಲಿಲ್ಲ. ವೇಣಿ ಜಡ್ಜ್ ಸಾಹೇಬರಿಗೆ ಒಂದು ಪತ್ರ ಬರೆದಳು. ರಜೆ ಹಾಕಿ ನಿಲ್ಲಬಹುದೇ, ಸೋತರೆ ಕೆಲಸಕ್ಕೆ ಮರಳಬಹುದೇ, ಎರಡೂ ಆಗದಿದ್ದರೆ ಯಾವ ದಾರಿ ಇದೆ ಎಂದು ಕೇಳಿದಳು. ಉತ್ತರವನ್ನು ವಾಮನರಾಯರು ಮನೆಗೇ ತಂದರು. ಕೂರಲು ಹೇಳಿದರೂ ಕೂರದೆ ಓದಿದರು. ನಾಮಪತ್ರ ಕೊಡುವ ಮೊದಲು ಕೆಲಸ ಬಿಡಬೇಕು, ರಜೆ ಸಾಲದು. ಓಟು ಕೇಳುವಾಗ ಕೋರ್ಟಿನ ಹೆಸರು ಎತ್ತಬಾರದು. ನಾಮಪತ್ರದ ದಿನ ಬೆಳಿಗ್ಗೆ ಬಟ್ಟಲನ್ನು ತಾನೇ ಗೂಡಿನಿಂದ ತೆಗೆದು, ಮುಚ್ಚದೆ, ನಡೆದುಕೊಂಡು ಬಂದು ಕೋರ್ಟಿನ ಹಾಲಿನಲ್ಲಿ ಒಪ್ಪಿಸಬೇಕು. ನೀರು ನೇರವಿದ್ದರೆ ಬಿಡುಗಡೆ. ಓರೆಯಿದ್ದರೆ ಕೆಲಸದಿಂದ ವಜಾ, ಹತ್ತು ವರ್ಷ ಯಾವ ಚುನಾವಣೆಗೂ ನಿಲ್ಲುವಂತಿಲ್ಲ.

"ರಜೆ ಯಾಕೆ ಸಾಲದು ರಾಯರೇ?" ಎಂದಳು ವೇಣಿ. "ಸೋತರೆ ನನ್ನ ಕುರ್ಚಿಗೆ ನಾನು ವಾಪಸ್ ಬರ್ತೀನಿ. ಅದರಲ್ಲಿ ಯಾರಿಗೇನು ನಷ್ಟ?"

"ಕುರ್ಚಿಗೆ ನೀನು ಬರಬಹುದಮ್ಮ. ನಿನ್ನೆದುರು ನಿಂತಿದ್ದವನು ನಾಳೆ ಒಂದು ದಾವೆ ತಂದು ಕೈಕಟ್ಟಿ ನಿಂತರೆ, ಅವನ ಕಣ್ಣಿಗೆ ನೀನು ಕುರ್ಚಿಯಲ್ಲಿ ಕೂತ ಹಾಗೆ ಕಾಣೋದಿಲ್ಲ."

"ಕೋರ್ಟಿನವಳು ಅಂತ ನಂಬಿ ಕರೀತಾರೆ. ಬರ್ತೀನಿ ಅಂದ ತಕ್ಷಣ ಕೋರ್ಟು ಬಿಟ್ಟು ಬಾ ಅಂತೀರಿ. ಬಿಟ್ಟು ಬಂದವಳನ್ನ ಯಾಕೆ ನಂಬ್ತಾರೆ?"

ವಾಮನರಾಯರು ಕನ್ನಡಕ ಒರೆಸಿಕೊಂಡರು. ಹಿಂದೊಮ್ಮೆ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುತ್ತಿದ್ದ ಹನುಮಂತಯ್ಯ ಹೀಗೇ ಬಟ್ಟಲು ಒಪ್ಪಿಸಿ ಗೆದ್ದು ಪುರಸಭೆಗೆ ಹೋಗಿದ್ದನ್ನು ಹೇಳಿದರು. ಐದು ವರ್ಷ ಅಲ್ಲಿ ಕೂತರಂತೆ. ಯಾವ ನಿರ್ಣಯಕ್ಕೂ ಕೈ ಎತ್ತಲಿಲ್ಲವಂತೆ. ಯಾಕೆಂದು ಕೇಳಿದರೆ ಕೈ ತಾನಾಗಿ ಏಳುವುದಿಲ್ಲ ಅನ್ನುತ್ತಿದ್ದರಂತೆ. ನಾವು ಮೂವರೂ ನಗಬೇಕೋ ಬೇಡವೋ ತಿಳಿಯದೆ ನಿಂತೆವು.

ಅಂದಿನಿಂದ ನಾನು ವೇಣಿಯ ಬೆನ್ನು ಬಿದ್ದೆ. ನಿಲ್ಲಬೇಡ ಎಂದೆ. ಹದಿಮೂರು ವರ್ಷದ ಕೆಲಸ ಯಾಕೆ ಬಿಡುತ್ತೀ, ಸೋತರೆ ಏನು ಗತಿ, ಕಂಟ್ರಾಕ್ಟರನ ಜನ ಒಳ್ಳೆಯವರಲ್ಲ, ಹೆಣ್ಣೊಬ್ಬಳು ಮನೆ ಮನೆ ತಿರುಗಿ ಕೈ ಮುಗಿಯುವುದು ಚೆನ್ನಾಗಿರುವುದಿಲ್ಲ. ಹೇಳಬೇಕಾದ ಒಂದನ್ನು ಬಿಟ್ಟು ಎಲ್ಲ ಹೇಳಿದೆ. ನಾಮಪತ್ರಕ್ಕೆ ಮೂರು ದಿನವಿದೆ ಎನ್ನುವಾಗ ಹಿತ್ತಲಿನ ಕಲ್ಲಿನ ಮೇಲೆ ಇಬ್ಬರೂ ಪಾತ್ರೆ ತೊಳೆಯುತ್ತಿದ್ದೆವು. ಇವತ್ತು ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಬಾಣಲೆ ತಿಕ್ಕುತ್ತಿದ್ದ ವೇಣಿಯೇ ಮೊದಲು ಮಾತಾಡಿದಳು.

"ಅಮ್ಮ, ನಾನು ಓಣಿಯವರಿಗೋಸ್ಕರ ನಿಲ್ತಿಲ್ಲ. ಸುಳ್ಳು ಯಾಕೆ ಹೇಳ್ಲಿ."

"ಮತ್ತೆ?"

"ದಿನಾ ಬೆಳಿಗ್ಗೆ ಬಟ್ಟಲು ನೋಡ್ತಿದ್ನಲ್ಲ. ಇವತ್ತು ಓರೆ ಆಗಿರುತ್ತೆ, ಸಿಕ್ಕಿಬಿದ್ದೆ ಅಂದ್ಕೊಂಡು ಹೋಗಿ ಬಗ್ಗೋದು. ನೇರ ಇರೋದು. ಹನ್ನೊಂದು ತಿಂಗಳು. ಹೇಮನ ಮನೆ ಅದು. ನಾನು ಎತ್ತಿ ಬೆಳೆಸಿದ ಹುಡುಗಿ. ನನ್ನ ಎದೇಲಿ ಏನೂ ಇಲ್ವೇನೋ, ಒಣಗೋಯ್ತೇನೋ ಅಂತ ಭಯ ಆಯ್ತು. ಇಲ್ದೆ ಇದ್ರೆ ಇಲ್ಲ. ಈ ನೇರ ನೀರಿಂದಾದ್ರೂ ಅವಳ ಮನೆ ಉಳಿಯೋದಾದ್ರೆ ಉಳೀಲಿ."

ಈ ಮಾತು ಕೇಳಿಯೂ ನಾನು ಸುಮ್ಮನಿದ್ದೆ. ಬಾಣಲೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಸರಿಯಾಗಿ ಹೋಗಿಲ್ಲ ಎಂದು ಮತ್ತೆ ತಿಕ್ಕಿದೆ. ಹೇಳಿದರೆ ಕೆಲಸ ಹೋಗುತ್ತದೆ, ಓಣಿ ಹೋಗುತ್ತದೆ, ಮಗಳು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಮೂರು ದಿನ ಇದೆ. ಮೂರು ದಿನದಲ್ಲಿ ನೀರು ತಾನಾಗಿ ಇಳಿಯಬಹುದು, ಏನಾದರೂ ಆಗಬಹುದು. ಅಷ್ಟು ವಯಸ್ಸಾದ ಹೆಂಗಸು ಹೀಗೆ ಯೋಚಿಸಿದೆ.

ನಾಮಪತ್ರದ ದಿನ ಬೆಳಿಗ್ಗೆ ಜಗಲಿಯ ಮುಂದೆ ಓಣಿಯವರು ನಿಂತಿದ್ದರು, ಬೀದಿಯವರೂ ಸೇರಿದ್ದರು. ಹೇಮ ಬಂದಿರಲಿಲ್ಲ. ವೇಣಿ ತಲೆಗೆ ನೀರೆರೆದುಕೊಂಡು, ತಾನೇ ಒರಟಾಗಿ ಹೆಣೆದ ಜಡೆಯಲ್ಲಿ, ರಾಜೀನಾಮೆಯ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೂಡಿನ ಮುಂದೆ ನಿಂತಳು. ದೀಪ ಹಚ್ಚಲೇ ಎಂದು ನಾನು ಕೇಳಿದೆ. ಬೇಡ ಎಂದಳು. ಎರಡು ಕೈಯಲ್ಲೂ ಹಿಡಿದು ಬಟ್ಟಲನ್ನು ಎತ್ತಿದಳು.

ಮೇಣ ಬಿಟ್ಟುಕೊಂಡಿತು. ಬೀಜಗಳು ಗೂಡಿನ ಕಲ್ಲಿನ ಮೇಲೆ ಉದುರಿದವು. ಬಟ್ಟಲು ಅವಳ ಕೈಯಲ್ಲಿ ನೇರವಾಯಿತು, ನೀರು ಓರೆಯಾಗಿಯೇ ಉಳಿಯಿತು. ಪೂರ್ವದ ಅಂಚಿಗೆ ಇನ್ನೇನು ತುಳುಕಬೇಕು ಅನ್ನುವಷ್ಟು ಏರಿ, ಪಶ್ಚಿಮಕ್ಕೆ ಕಂಚಿನ ಒಳಮೈ ಬೆರಳಗಲ ಒಣಗಿ ಕಾಣುತ್ತಿತ್ತು.

ಅವಳು ಬೀಜಗಳನ್ನು ನೋಡಿದಳು, ನೀರನ್ನು ನೋಡಿದಳು. ನನ್ನನ್ನು ನೋಡಲಿಲ್ಲ. "ಎಷ್ಟು ದಿನದಿಂದ?" ಅಂದಳು.

"ಮೊದಲನೇ ದಿನದಿಂದ" ಎಂದೆ.

ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ಸಿಟ್ಟಲ್ಲ. ಕಳೆದುಹೋಯಿತೆಂದು ಬಿಟ್ಟಿದ್ದ ವಸ್ತು ಮನೆಯಲ್ಲೇ ಸಿಕ್ಕಾಗ, ಅದರ ಉಪಯೋಗದ ಕಾಲ ಮುಗಿದ ಮೇಲೆ ಸಿಕ್ಕಾಗ, ಮನುಷ್ಯರು ಒಂದು ರೀತಿ ನೋಡುತ್ತಾರೆ. ಹಾಗೆ ನೀರನ್ನು ನೋಡಿದಳು. ಇಲ್ಲೇ ಇಟ್ಟುಬಿಡು, ಹುಷಾರಿಲ್ಲ ಅನ್ನೋಣ, ನಿಲ್ಲುವುದಿಲ್ಲ ಅನ್ನೋಣ, ಕೆಲಸವಾದರೂ ಉಳಿಯುತ್ತದೆ ಎಂದು ನಾನು ಮೆಲ್ಲಗೆ ಬೇಡಿಕೊಂಡೆ. ಅವಳು ಬಟ್ಟಲು ಹಿಡಿದೇ ಹೊಸ್ತಿಲು ದಾಟಿದಳು.

ಜಗಲಿಯ ಮುಂದಿನ ಮಾತು ನಿಂತಿತು. ಬೋರಲಿಂಗಣ್ಣ ಒಂದು ಹೆಜ್ಜೆ ಮುಂದೆ ಬಂದು ಬಟ್ಟಲೊಳಗೆ ನೋಡಿ ಹಾಗೇ ಹಿಂದಕ್ಕೆ ಸರಿದರು. ಜನ ದಾರಿ ಬಿಟ್ಟರು. ವೇಣಿ ಬೀದಿಯ ನಡುವೆ ನಡೆದಳು, ಹತ್ತು ಹೆಜ್ಜೆ ಹಿಂದೆ ನಾನು. ಕೋರ್ಟು ಊರಿನ ಆ ತುದಿಗಿದೆ. ಬೀದಿ ತಿರುಗಿದಂತೆಲ್ಲ ಅವಳ ಕೈಯಲ್ಲಿ ನೀರೂ ತಿರುಗುತ್ತಿತ್ತು. ಒಮ್ಮೆ ಎದೆಯ ಕಡೆಗೆ, ಒಮ್ಮೆ ಎಡಗೈಯ ಕಡೆಗೆ, ಯಾವಾಗಲೂ ಬಾಚಣಿಗೆ ಓಣಿಯ ಕಡೆಗೆ. ಕಂಟ್ರಾಕ್ಟರನ ಕಡೆಯವನೊಬ್ಬ ಹೋಟೆಲಿನ ಮೆಟ್ಟಿಲ ಮೇಲಿಂದ, "ಏನು ವೇಣಕ್ಕ, ಒಂದು ಕಡೆ ಭಾರ ಜಾಸ್ತಿ ಆದಂಗಿದೆ" ಅಂದ. ಯಾರೂ ನಗಲಿಲ್ಲ.

ಓಣಿಯ ಬಾಯಿಯ ಹತ್ತಿರ ಹಾಯುವಾಗ ಹೇಮ ತನ್ನ ಬಾಗಿಲಲ್ಲಿ ಕೂತು ಬಾಚಣಿಗೆಯ ಹಲ್ಲು ಉಜ್ಜುತ್ತಿದ್ದಳು. ಜನ ಸುಮ್ಮನಾದದ್ದನ್ನು ಕೇಳಿ ತಲೆ ಎತ್ತಿದಳು. ಅಕ್ಕನ ಬಟ್ಟಲಿನಿಂದ ನೀರು ಅವಳ ಕಡೆಯ ಅಂಚು ದಾಟಿ ಸಣ್ಣಗೆ ಸುರಿಯುತ್ತಿತ್ತು. ಹೇಮ ಎದ್ದು ನಿಂತಳು. ಮಡಿಲಿನ ಹೊಟ್ಟೆಲ್ಲ ನೆಲಕ್ಕೆ ಬಿತ್ತು. ವೇಣಿ ನಿಲ್ಲಲಿಲ್ಲ.

ಕೋರ್ಟ್ ಹಾಲಿನಲ್ಲಿ ವಾಮನರಾಯರು ಬಟ್ಟಲನ್ನು ಮೇಜಿನ ಮೇಲಿಡಿಸಿಕೊಂಡು ಬಹಳ ಹೊತ್ತು ಬಗ್ಗಿದ್ದರು. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ನಾನು ತಲೆ ತಗ್ಗಿಸಿದೆ. ಸಾಹೇಬರು, ಏನಾದರೂ ಹೇಳುವುದಿದೆಯೇ ಎಂದು ವೇಣಿಯನ್ನು ಕೇಳಿದರು. ಬೀಜ ಇಟ್ಟವಳು ನಾನು ಎಂದು ನಾನೇ ಮುಂದೆ ಬಂದೆ. ಇಟ್ಟವರು ಯಾರು ಎಂಬುದು ನಿಯಮದಲ್ಲಿಲ್ಲ, ನೀರು ಯಾರದು ಎಂಬುದಷ್ಟೇ ಇದೆ ಎಂದರು.

"ನೀರು ನನ್ನದೇ" ಅಂದಳು ವೇಣಿ. "ನೀರು ಓರೆ ಇತ್ತು. ಸಾಕ್ಷಿ ಹೇಳಿದ್ದನ್ನ ನಾನು ಬರೆದದ್ದು ನೇರ ಇದೆ. ಪುಟ ತೆಗೆದು ನೋಡಿ."

"ನೋಡ್ತೀವಮ್ಮ" ಅಂದರು ವಾಮನರಾಯರು. "ನೋಡಿದ್ದನ್ನ ಕೇಳೋರು ಯಾರು?"

ಅಂದು ನಾಮಪತ್ರಕ್ಕೆ ಮಧ್ಯಾಹ್ನ ಮೂರರವರೆಗೆ ಸಮಯವಿತ್ತು. ಓಣಿಯವರು ಗಡಿಬಿಡಿಯಲ್ಲಿ ಹೇಮಳ ಗಂಡ ಸಿದ್ದೇಶನನ್ನೇ ನಿಲ್ಲಿಸಿದರು. ತನ್ನ ಮನೆ ಉಳಿಸಿಕೊಳ್ಳಲು ನಿಂತವನು ಎಂದಿತು ಊರು, ಹೆಂಡತಿಯ ಅಕ್ಕನ ಬಟ್ಟಲು ಓರೆಯಾಗಿತ್ತಲ್ಲ ಅವನೇ ಎಂದಿತು. ಸೋತ. ಪುರಸಭೆಯಲ್ಲಿ ಓಣಿ ತೆಗೆಯಲಿ ಎಂದು ಆರು ಕೈ ಎದ್ದವು, ಉಳಿಯಲಿ ಎಂದು ಐದು ಎದ್ದವು. ಬೋರಲಿಂಗಣ್ಣ ಮನೆಯ ಸಾಮಾನು ಗಾಡಿಗೆ ಹೇರುವ ದಿನ ದಾರಿಯಲ್ಲಿ ನನ್ನನ್ನು ಕಂಡು ನಿಂತರು. "ಮೊದಲೇ ಹೇಳಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ತಿದ್ವಲ್ಲವ್ವ" ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹಳೆಯ ದಾವೆಗಳಲ್ಲಿ ಸೋತವರು ನಮ್ಮ ಮನೆಯ ಮುಂದೆಯೂ ಬಂದು ಕೂತರು. ಮಳೆಗಾಲ ಶುರುವಾಗುವವರೆಗೆ ಕೂತಿದ್ದರು. ವೇಣಿ ಬರೆದ ಹದಿಮೂರು ವರ್ಷದ ಪುಟಗಳನ್ನು ಕೋರ್ಟಿನಲ್ಲಿ ಮತ್ತೆ ಓದಿದರಂತೆ. ಒಂದು ಅಕ್ಷರವೂ ತಪ್ಪಿರಲಿಲ್ಲವಂತೆ. ವಾಮನರಾಯರು ಒಂದು ಸಂಜೆ ಜಗಲಿಯಲ್ಲಿ ನಿಂತು ಮೆಲ್ಲಗೆ ಹೇಳಿ ಹೋದರು. ಕೂತವರಿಗೆ ಹೇಳಲಿಲ್ಲ.

ಓರೆಯಾದ ಬಟ್ಟಲನ್ನು ಕೋರ್ಟು ವಾಪಸ್ ತೆಗೆದುಕೊಳ್ಳುವುದಿಲ್ಲ. ಅದು ನಮ್ಮ ಗೂಡಿನಲ್ಲೇ ಇದೆ. ವೇಣಿ ಈಗ ಮನೆಯಲ್ಲೇ ಕೂತು ಅರ್ಜಿ ಬರೆಸಿಕೊಳ್ಳಲು ಬರುವ ಒಬ್ಬಿಬ್ಬರಿಗೆ ಬರೆದುಕೊಡುತ್ತಾಳೆ. ನನ್ನೊಡನೆ ಮಾತು ಬಿಟ್ಟಿಲ್ಲ. ಅಕ್ಕಿ ಮುಗಿದಿದೆ, ಮೋಡ ಆಗಿದೆ, ಬಟ್ಟೆ ತೆಗಿ ಅನ್ನುವಷ್ಟು ಆಡುತ್ತಾಳೆ. ನಾನು ಬಡಿಸಿದ್ದನ್ನು ಉಣ್ಣುತ್ತಾಳೆ. ಬೀಜದ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಹೇಮ ಎಣ್ಣೆ ಗಾಣದ ಹಿಂದಿನ ಬಾಡಿಗೆ ಕೋಣೆಯಿಂದ ಶುಕ್ರವಾರ ಬರುತ್ತಾಳೆ. ಜಗಲಿಯಲ್ಲಿ ನಿಲ್ಲದೆ ಒಳಗೆ ಬರುತ್ತಾಳೆ. ಮೊದಲ ಸಲ ಬಂದಾಗ ಗೂಡಿನ ಮುಂದೆ ನಿಂತಳು, ನೀರು ಅವಳ ಕಡೆ ಏರಿತು. ಅಡುಗೆಮನೆಗೆ ಹೋದಳು, ನೀರು ಅಡುಗೆಮನೆಯ ಕಡೆಗೆ ತಿರುಗಿತು. ಎಣ್ಣೆ ಬಿಸಿ ಮಾಡಿಕೊಂಡು ಹಿತ್ತಲಿಗೆ ನಡೆದಳು, ಹಿತ್ತಲಿಗೆ ತಿರುಗಿತು. ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಕೂದಲು ಬಿಡಿಸಿದಳು. ಓಣಿಯಿಂದ ತಂದ ಕೊನೆಯ ಬಾಚಣಿಗೆ ಅವಳ ಕೈಯಲ್ಲಿತ್ತು. ಒಂದೆರಡು ಹಲ್ಲು ಮುರಿದಿದ್ದವು. ವೇಣಿಯ ತಲೆಯಲ್ಲಿ ಅಷ್ಟು ಬಿಳಿ ಕೂದಲು ಬಂದದ್ದು ನನಗೆ ಅಂದು ಕಾಣಿಸಿತು.

ನಾನು ಈಗ ನಡುಮನೆಯಲ್ಲಿ ಓಡಾಡುವುದನ್ನು ಬಿಟ್ಟಿದ್ದೇನೆ. ಜಗಲಿಯಿಂದ ಅಡುಗೆಮನೆಗೆ ಬರಬೇಕಾದರೆ ಮನೆಯನ್ನು ಸುತ್ತಿಕೊಂಡು, ಹಿತ್ತಲ ಬಾಗಿಲಿಂದ ಬರುತ್ತೇನೆ. ಮಂಡಿ ನೋವಿಗೆ ನಡೆದಾಟ ಒಳ್ಳೆಯದಂತೆ ಎಂದು ಮಕ್ಕಳಿಗೆ ಹೇಳಿದ್ದೇನೆ. ಹೇಮ ಇಲ್ಲದ ದಿನ, ಮನೆಯಲ್ಲಿ ವೇಣಿ ಮತ್ತು ನಾನು ಇಬ್ಬರೇ ಇರುವ ಹೊತ್ತಿನಲ್ಲಿ, ಆ ಗೂಡಿನ ಮುಂದೆ ಒಮ್ಮೆ ಹಾದುಹೋದರೆ ಸಾಕು, ನೀರು ಒಂದು ಎಳ್ಳಿನಷ್ಟಾದರೂ ನನ್ನ ಕಡೆ ತಿರುಗುತ್ತದೋ ಇಲ್ಲವೋ ತಿಳಿದುಬಿಡುತ್ತದೆ. ಇನ್ನೂ ಹಾದುಹೋಗಿಲ್ಲ.